ಬಂಡಳ್ಳಿಯ ಒಂದು ಪ್ಲೇಟು ಮತ್ತು ಅದರ ವೇಗ

2016ರಲ್ಲಿ ನಾನು ಹಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತರುವ ಒಂದು ಘಟಕದಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮನೆಗಳಲ್ಲಿ ಉಳಿದಿದ್ದ ಗ್ರಾಮಫೋನ್ ಪ್ಲೇಟುಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈ ಪ್ಲೇಟುಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ, ತಪ್ಪಿದರೆ ತಿದ್ದುವಂತಿಲ್ಲ. ಹಾಡುವವರು ಒಂದೇ ಸಲಕ್ಕೆ ಮುಗಿಸಬೇಕು, ಅವರು ಉಸಿರೆಳೆದುಕೊಳ್ಳುವುದೂ ನಮಗೆ ಕೇಳುತ್ತದೆ. ಇಂದಿನ ನುಣುಪು ಹಾಡುಗಳಲ್ಲಿ ಯಾರೂ ಉಸಿರಾಡುವುದೇ ಇಲ್ಲ. "ಬರೀ ಕರಕರ ಸದ್ದು" ಎಂದು ಮೂಗು ಮುರಿಯುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಬಂಡಳ್ಳಿಯ ಒಂದು ಮನೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ "ಬನ್ನಿ ಸಾ, ಕೂತ್ಕಳಿ" ಎಂಬ ದಪ್ಪ ದನಿ ಬಂತು. ಯಜಮಾನರಿರಬೇಕು ಎಂದುಕೊಂಡೆ. ಬಂದವರು ಗೌರಮ್ಮಣ್ಣಿ, ಎಪ್ಪತ್ತು ದಾಟಿದ ಹೆಂಗಸು. ಅವರಿಗೆ ವರ್ಷ ತುಂಬುವ ಮೊದಲೇ ತಾಯಿ ಚೆನ್ನಾಜಮ್ಮಣ್ಣಿ ತೀರಿಕೊಂಡಿದ್ದರು. ತಾಯಿ ಹಾಡಿದ ಒಂದು ತತ್ವಪದದ ಪ್ಲೇಟು ಮನೆಯಲ್ಲಿತ್ತು. ತಾಯಿ ಹೋದ ಮೇಲೆ ಊರವರೆಲ್ಲ ಕೂತು ಅದನ್ನು ಕೇಳುತ್ತಿದ್ದ ಗ್ರಾಮಫೋನು, ಇವರಿಗೆ ಬುದ್ಧಿ ತಿಳಿಯುವ ಮೊದಲೇ ಕೆಟ್ಟು ಮೂಲೆ ಸೇರಿತ್ತು.

"ಅವ್ವನ್ ಗಂಟ್ಲು ಕೊಳಲಂಗೆ ಇತ್ತಂತೆ ಸಾ. ನಂದು ನೋಡಿ, ಗಂಡುಗಂಟ್ಲು. ಭಜನೇಲಿ ಬಾಯ್ಬುಟ್ರೆ 'ಅವ್ವನ್ ಎಸ್ರು ಕೆಡಿಸ್ಬ್ಯಾಡ ಕಣಮ್ಮಿ' ಅಂತಿದ್ರು. ಆಗ್ಲಿಂದ ತಾಳ ತಟ್ಟದೊಂದೇಯ. ಈಗ ಕಿವಿನೂ ಮಂದಾಯ್ತಾ ಅದೆ. ಪೂರ್ತಿ ಓಗೋಕ್ ಮುಂಚೆ ಒಂದ್ಸಲ ಅವ್ವನ್ ದನಿ ಕೇಳ್ಸಿಬುಡಿ" ಎಂದರು.

ಪ್ಲೇಟು ದೇವರ ಕೋಣೆಯಲ್ಲಿತ್ತು. ಎತ್ತಿಕೊಂಡವನು ದಂಗಾದೆ. ಅಡ್ಡಡ್ಡಲಾಗಿ ಮೂರು ಬೆರಳಿನ ವಿಭೂತಿ! ಪ್ರತಿ ಆಯುಧಪೂಜೆಗೂ ಮೊದಲು ತಂದೆ, ಆಮೇಲೆ ಮಗಳು ವಿಭೂತಿ ಕಲಸಿ ಬಳಿಯುತ್ತ ಬಂದಿದ್ದರು. ಗೀರುಗಳೆಲ್ಲ ಬೂದಿಯಿಂದ ತುಂಬಿ ಹೋಗಿದ್ದವು. ಭಕ್ತಿಯಿಂದ ಹಾಳಾದ ಪ್ಲೇಟನ್ನು ನಾನು ಕಂಡದ್ದು ಅದೊಂದೇ, ಬೈಯಲೂ ಬಾಯಿ ಬರಲಿಲ್ಲ.

ತೊಳೆಯದೆ ಗತ್ಯಂತರವಿರಲಿಲ್ಲ. ಈ ಪ್ಲೇಟುಗಳು ಅರಗಿನಿಂದ ಮಾಡಿದವು, ಸ್ಪಿರಿಟ್ ತಾಗಿದರೆ ಕರಗುತ್ತವೆ. ಡಿಸ್ಟಿಲ್ಡ್ ವಾಟರ್ ಮತ್ತು ಮೆತ್ತನೆಯ ಬ್ರಷ್ಷೇ ಆಗಬೇಕು.

"ತೊಳುದ್ರೆ ಅವ್ವ ಓಗ್ಬುಡಾಕಿಲ್ವಾ ಸಾ?"

"ಇಲ್ಲ ತಾಯಿ, ತೊಳೆದರೇನೇ ಬರುವುದು" ಎಂದೆ. ಒಪ್ಪಿದರು. ತೊಳೆದ ನೀರನ್ನು ಮಾತ್ರ ನನ್ನ ಕೈಯಿಂದ ಇಸಿದುಕೊಂಡು ಹೋಗಿ ಹಿತ್ತಲಿನ ಬಿಲ್ವಪತ್ರೆ ಮರದ ಬುಡಕ್ಕೆ ಹೊಯ್ದು ಬಂದರು.

ಪ್ಲೇಟು ಒಣಗಿದ ಮೇಲೆ ನನ್ನ ಟರ್ನ್‌ಟೇಬಲ್ ಮೇಲಿಟ್ಟು, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ವಾಡಿಕೆಯ ವೇಗದಲ್ಲಿ ಬಿಟ್ಟೆ. ಹಾರ್ಮೋನಿಯಂ ಜೊತೆ ಸಣ್ಣನೆಯ, ಸಿಹಿಯಾದ ದನಿ ಬಂತು. ಗೌರಮ್ಮಣ್ಣಿಯವರ ಚಿಕ್ಕಪ್ಪ ನಂಜಪ್ಪನವರು ಗೋಡೆಗೊರಗಿ ಕೂತಿದ್ದವರು, "ಇದೇ ಕಣ್ರಿ ನಮ್ಮತ್ತಿಗೆ!" ಎಂದು ಅರಳಿದರು. ಅತ್ತಿಗೆ ಸತ್ತಾಗ ಅವರು ಸಣ್ಣ ಹುಡುಗ.

ಗೌರಮ್ಮಣ್ಣಿ ತಲೆ ತಗ್ಗಿಸಿದರು. "ಸರಿ ಬುಡಿ, ಭಜನೆಯೋರು ಅಂದಿದ್ದು ದಿಟವೇಯ" ಎಂದರು.

ಆದರೆ ನನ್ನ ಕಿವಿಗೆ ಏನೋ ಸರಿಹೋಗಲಿಲ್ಲ. ಹಾಡುವವರು ಬಸ್ಸು ತಪ್ಪುತ್ತದೆ ಎನ್ನುವಂತೆ ಅವಸರಪಡುತ್ತಿದ್ದರು, ಉಸಿರೂ ತುಂಡುತುಂಡಾಗಿ ಬರುತ್ತಿತ್ತು. ಹಾರ್ಮೋನಿಯಂ ಒಂದು ಸ್ವರಕ್ಕೆ ಬಂದಾಗಲೆಲ್ಲ ಜರ್ ಎನ್ನುತ್ತಿತ್ತು.

"ಆ ಹಾರ್ಮೋನಿಯಂ ಯಾರದು?"

"ಅತ್ತಿಗೇದೇಯ. ಪ್ಲೇಟು ತುಂಬ್ಸಾಕೆ ಮೈಸೂರ್ಗೆ ಅದನ್ನೇ ತಕಂಡು ಓಗಿದ್ರು. ಅಟ್ಟದ್ ಮ್ಯಾಲದೆ. ಅವ್ರ ಪೆಟ್ಗೆ ಅಂತ ಯಾರೂ ರಿಪೇರಿನೂ ಮಾಡ್ಸಿಲ್ಲ" ಎಂದರು ನಂಜಪ್ಪ.

ಇಳಿಸಿ, ಧೂಳು ಕೊಡವಿ, ಒಂದೊಂದೇ ಕೀ ಒತ್ತಿದೆ. ಒಂದು ಕೀ ಜರ್ ಎಂದಿತು. ಪ್ಲೇಟಿನಲ್ಲಿ ಅದೇ ಜರ್ ಎರಡು ಕೀಯಷ್ಟು ಮೇಲಿನ ಸ್ವರದಲ್ಲಿ ಕೇಳುತ್ತಿತ್ತು. ಗುಟ್ಟು ಬಯಲಾಯಿತು. ಆ ಕಾಲದ ಎಷ್ಟೋ ಸಣ್ಣ ಕಂಪನಿಗಳಲ್ಲಿ ಎಪ್ಪತ್ತೆಂಟು ಎಂಬುದು ಹೆಸರಿಗಷ್ಟೇ. ಮುದ್ರಿಸುವ ಯಂತ್ರ ನಿಧಾನವಾಗಿ ತಿರುಗಿದ್ದರೆ, ನಮ್ಮ ಗ್ರಾಮಫೋನಿನಲ್ಲಿ ಹಾಡು ಓಡುತ್ತದೆ, ದನಿ ಸಣ್ಣಗಾಗುತ್ತದೆ. ಊರು ಹೊಗಳಿದ ಕೊಳಲು ದನಿ ಚೆನ್ನಾಜಮ್ಮಣ್ಣಿಯವರದಾಗಿರಲಿಲ್ಲ, ಯಂತ್ರದ್ದಾಗಿತ್ತು.

ವೇಗದ ಗುಂಡಿಯನ್ನು ಸ್ವಲ್ಪಸ್ವಲ್ಪವೇ ಇಳಿಸಿದೆ. ಅರವತ್ತೊಂಬತ್ತರ ಹತ್ತಿರ ಎರಡು ಜರ್ ಒಂದಾದವು.

ಆಗ ಬಂದ ದನಿಯನ್ನು ನಾನು ಮರೆಯಲಾರೆ. ತುಂಬಿದ, ದಪ್ಪನೆಯ, ಎಲ್ಲಿಯೂ ಅವಸರವಿಲ್ಲದ ದನಿ. ಪದದ ಕೊನೆಯಲ್ಲಿ ಒಂದು ದೀರ್ಘ ಉಸಿರು. ನನ್ನ ವೃತ್ತಿಯಲ್ಲಿ ಸಾವಿರಾರು ಹಾಡು ಕೇಳಿದ್ದೇನೆ, ಮೈ ಜುಮ್ಮೆಂದದ್ದು ಕೆಲವೇ ಸಲ. ಬಾಗಿಲಲ್ಲಿ ನನ್ನನ್ನು "ಬನ್ನಿ ಸಾ" ಎಂದು ಕರೆದದ್ದು ಇದೇ ದನಿ.

ನಂಜಪ್ಪನವರ ಕಣ್ಣಲ್ಲಿ ನೀರಿತ್ತು. "ಅತ್ತಿಗೆ ಇಟ್ಟುಣ್ಣಾಕ್ ಕರೀತಿದ್ದುದು ಇಂಗೇ ಸಾ. ಮಿಷಿನ್ ಕೇಳಿ ಕೇಳಿ ಮರ್ತೇಬುಟ್ಟಿದ್ದೆ."

ಅಂದಿನಿಂದ ಯಾವ ಹಳೆಯ ಹಾಡುಗಾರರ ಬಗ್ಗೆಯೂ, ಯಂತ್ರ ಎಷ್ಟು ವೇಗದಲ್ಲಿ ಓಡುತ್ತಿತ್ತು ಎಂದು ತಿಳಿಯದೆ ನಾನು ಮಾತಾಡುವುದಿಲ್ಲ. ಇಷ್ಟು ವರ್ಷ ಬೂದಿಯೊಳಗೆ ಕೂತಿದ್ದರೂ ಆ ದನಿ ಕೆಟ್ಟಿರಲಿಲ್ಲ, ಕೆಟ್ಟದ್ದು ನಾವು ಅದನ್ನು ಕೇಳಿದ ರೀತಿ. ನನ್ನ ಕೆಲಸ ನನಗೆ ಕಲಿಸಿದ್ದು ಅಷ್ಟೇ.

ಗೌರಮ್ಮಣ್ಣಿ ಇನ್ನೊಂದು ಸಲ ಹಾಕಿಸಿದರು. ಎರಡನೇ ಚರಣಕ್ಕೆ ತಾವೂ ದನಿ ಕೂಡಿಸಿದರು. ಯಾವುದು ತಾಯಿಯದು, ಯಾವುದು ಮಗಳದು ಎಂದು ನನಗೆ, ಈ ಕಿವಿಯಿಂದಲೇ ಅನ್ನ ತಿಂದವನಿಗೆ, ಗೊತ್ತಾಗಲಿಲ್ಲ. ಹಾಡು ಮುಗಿದ ಮೇಲೆ ಗೂಟಕ್ಕೆ ನೇತುಹಾಕಿದ್ದ ತಾಳಗಳನ್ನು ತೆಗೆದು ನಂಜಪ್ಪನವರ ಕೈಗಿಟ್ಟರು.

"ಸ್ವಾಮಾರದ್ ಭಜನೇಲಿ ನೀವ್ ತಟ್ಟಿ ಚಿಕ್ಕಪ್ಪ. ಪದ ನಾನ್ ಆಡ್ತೀನಿ."