ಟೈಲರಮ್ಮ ಹೊಲಿದ ಬೇಲಿ

ಊರಿಗೆಲ್ಲ ಬಟ್ಟೆ ಹೊಲಿದು ಕಣ್ಣು ಮಂಜಾದ ಮೇಲೆ ಟೈಲರಮ್ಮ ಮಿಷನ್ನಿಗೆ ಮುಸುಕು ಹಾಕಿ, ತೀರಿಕೊಂಡ ಗಂಡನ ಪಾಲಿನ ಜಮೀನನ್ನು ಕಾಡಿಗೇ ಬಿಟ್ಟುಕೊಟ್ಟಳು. ಹಾಗಂತ ಕೈಕಟ್ಟಿ ಕೂರಲಿಲ್ಲ. ಎಲ್ಲಿಂದಲೋ ಬಂದು ಬೇರೂರಿದ್ದ ಲಂಟಾನವನ್ನು ಬುಡಸಮೇತ ಕಿತ್ತಳು, ಆ ನೆಲದ್ದೇ ಗಿಡಗಳ ಬೀಜ ಆಯ್ದು ತಂದು ಹಾಕಿದಳು. ಜನ ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿಗೆ ಹೊಲಿಗೆ ಹಾಕಲು ಯಾವ ಟೈಲರಿಗಾದೀತು? ಪೊದೆ ದಟ್ಟವಾಯಿತು, ಮೊಲಗಳು ಬಂದವು. ಅವು ಬೆದರಿ ಓಡಿಬಿಟ್ಟಾವು ಎಂದು ಟೈಲರಮ್ಮ ಕೆಮ್ಮು ಬಂದರೂ ಬಾಯಿಗೆ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. ಅಷ್ಟು ಜೀವ ಇಟ್ಟುಕೊಂಡಿದ್ದಳು ಅವುಗಳ ಮೇಲೆ.

ಹಿಂದೆಯೇ ನಾಯಿಗಳೂ ಬಂದವು. ಬೊಗಳುತ್ತಿರಲಿಲ್ಲ. ದಿನಾ ಸಂಜೆ ಗಡಿಯಾಚೆ ಸಾಲಾಗಿ ಕೂತು ಪೊದೆಯನ್ನೇ ನೋಡುತ್ತಿದ್ದವು. ಟೈಲರಮ್ಮ ಸುತ್ತಲೂ ತಂತಿಬಲೆ ಹಾಕಿಸಿ, ನಾಯಿ ಕೆರೆದು ನುಗ್ಗದಂತೆ ಅದರ ಅಂಚನ್ನು ಮಣ್ಣೊಳಗೆ ಮಡಚಿ ಹೂತಳು. ಬಲೆಗೆ ಬಲೆ ಕೂಡುವಲ್ಲೆಲ್ಲ ತಾನೇ ಕೂತು ತಂತಿಯಲ್ಲಿ ಹೊಲಿದಳು.

ಪಕ್ಕದ ಹೊಲದ ಮೈದುನ ನೋಡಿ ನಕ್ಕ. “ಏನತ್ತಿಗೆ, ಇರುವೆ ಹೋಗೋಕೂ ಜಾಗ ಬಿಟ್ಟಿಲ್ವಲ್ಲ!”

“ಬಿಡಲ್ಲ ಕಣಪ್ಪ,” ಅಂದಳು, ಹೆಮ್ಮೆಯಿಂದಲೇ.

ಮಕ್ಕಳ ಅಂಗಿ ಹೊಲಿಯುವಾಗ, ಬೆಳೆದಾಗ ಬಿಚ್ಚಿಕೊಳ್ಳಲಿ ಎಂದು ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದವಳು ಅವಳು. ಬೇಲಿಗೆ ಮಾತ್ರ ಏನನ್ನೂ ಬಿಡಲಿಲ್ಲ.

ಬೇಸಿಗೆಯಲ್ಲಿ ಮೈದುನ ತನ್ನ ಹೊಲದ ಒಣಹುಲ್ಲಿಗೆ ಬೆಂಕಿ ಇಟ್ಟ. “ಗಾಳಿ ಇಲ್ಲ, ಹೆದರಬೇಡಿ ಅತ್ತಿಗೆ,” ಅಂದ. ಹಾಳು ಗಾಳಿ ಆಗಲೇ ಏಳಬೇಕೆ? ಕಿಡಿ ಬಲೆ ದಾಟಿ ಪೊದೆಗೆ ಬಿತ್ತು. ಮೊಲಗಳು ಬೇಲಿಯುದ್ದಕ್ಕೂ ಓಡಿದವು, ತಿರುಗಿದವು, ಮತ್ತೆ ಓಡಿದವು. ಬಲೆಗೆ ಒತ್ತಿ ಒತ್ತಿ ಅವುಗಳ ಮೂತಿಯಲ್ಲಿ ರಕ್ತ ಬಂದಿತ್ತು.

ಮೈದುನ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯತೊಡಗಿದ. ಟೈಲರಮ್ಮ ಕಟಿಂಗ್ ಪ್ಲೇಯರ್ ತಂದು, ಅಯ್ಯೋ ಅಯ್ಯೋ ಎನ್ನುತ್ತ, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಬಲೆ ಬಾಯಿ ಬಿಟ್ಟಿತು. ಮೊಲಗಳು ಅವಳ ಕಾಲ ಸಂದಿಯಲ್ಲೇ ನುಗ್ಗಿ ಹೊರಬಿದ್ದವು.

ಸಂಜೆಯಾಗಿದೆ ಎಂಬುದು ಅವಳಿಗೆ ಹೊಳೆದದ್ದೇ ಆಗ. ತಲೆಯೆತ್ತಿದಳು. ಸಾಲಿನ ನಾಯಿಗಳೆಲ್ಲ ಎದ್ದು ನಿಂತಿದ್ದವು.

ಬೆಂಕಿ ಅರ್ಧ ಪೊದೆ ತಿಂದು ಆರಿತು. ಉಳಿದರ್ಧ ಈಗಲೂ ಹಸಿರಾಗಿದೆ. ಟೈಲರಮ್ಮ ಬೇಲಿಯನ್ನು ಮತ್ತೆ ಹೊಲಿದಿದ್ದಾಳೆ. ಸಂಜೆ ಅಲ್ಲೇ ಕೂತು, ಕೆಮ್ಮು ಬಂದರೆ ಬಾಯಿ ಮುಚ್ಚಿಕೊಳ್ಳದೆ ಕೆಮ್ಮುತ್ತಾಳೆ. ಗಡಿಯಾಚೆ ನೋಡುತ್ತಾಳೆ.

ನಾಯಿಗಳು ಈಗ ಬರುವುದಿಲ್ಲ.