ಮಚು ಪಿಚುವಿನಿಂದ ಲೊಂಬಾರ್ಡ್‌ಗೆ ಬಂದ ದೇವರು

ಮಚು ಪಿಚುವಿನಲ್ಲಿ ಇಂಕಾ ಜನ ಕಟ್ಟಿದ ಗೋಡೆಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಬ್ಲೇಡ್ ಕೂಡ ತೂರುವುದಿಲ್ಲವಂತೆ. ಪೆರುವಿಗೆ ಹೋಗಿಬಂದವರೆಲ್ಲ ಇದನ್ನೇ ಹೇಳುತ್ತಾರೆ. ನಾನು ನಂಬುವುದಿಲ್ಲ. ಪರದೇಶದಲ್ಲಿರುವ ನಮ್ಮೂರು ಲೊಂಬಾರ್ಡಿನ ಪಾಟೀಲ್ ಅಂಕಲ್ ಅವರ ಕೈಯೇ ಅಲ್ಲಿ ಸಲೀಸಾಗಿ ತೂರಿದೆ!

ಕಳೆದ ಶನಿವಾರ ಅವರ ಪ್ರವಾಸದ ಫೋಟೊ ನೋಡಲು ಹೋಗಿದ್ದೆ. (ಊಟಕ್ಕೆ ಎಂದು ಓದಿಕೊಳ್ಳಿ.) ಫೋಟೊ ಮುಗಿದ ಮೇಲೆ ಅಂಕಲ್ ದೇವರ ಕೋಣೆಗೆ ಕರೆದೊಯ್ದರು. ಬೆಳ್ಳಿ ತಟ್ಟೆಯಲ್ಲೊಂದು ಉದ್ದನೆಯ ಕಲ್ಲು. ಅದಕ್ಕೆ ವಿಭೂತಿ, ಹೂವು.

“ಮಚು ಪಿಚು ಗ್ವಾಡಿ ಬುಡಕ್ಕ ಸಿಕ್ತು. ನೋಡ್ ತಮ್ಮಾ, ಥೇಟ್ ಲಿಂಗ! ನಮ್ಮ ಮಂದೀನ ಕಟ್ಟ್ಯಾರ ಅನ್ನಾಕ ಇನ್ನೇನ್ ಬೇಕ?”

“ತರೋಕೆ ಹೇಗೆ ಬಿಟ್ರು ಅಂಕಲ್?”

“ಶೇಂಗಾ ಚಟ್ನಿಪುಡಿ ಡಬ್ಬಿಯೊಳಗ ಹಾಕಿದ್ವಿ,” ಆಂಟಿ ನಕ್ಕರು.

ಮಗಳು ಮೇಘನಾ ನಗಲಿಲ್ಲ. ಅವಳು ಓದುತ್ತಿರುವುದು ಆರ್ಕಿಯಾಲಜಿ. ಬರುವ ಬೇಸಿಗೆಗೆ ಅದೇ ಪೆರುವಿನಲ್ಲಿ ಉತ್ಖನನಕ್ಕೆ ಹೋಗಬೇಕಾದವಳು.

“ಡ್ಯಾಡ್, ಇಟ್ಸ್ ಸ್ಟೋಲನ್. ಪ್ಲೀಸ್, ಸೆಂಡ್ ಇಟ್ ಬ್ಯಾಕ್.” ಕಲ್ಲು ವಾಪಸ್ ಹೋಗದಿದ್ದರೆ ತಾನೂ ಆ ದೇಶಕ್ಕೆ ಕಾಲಿಡುವುದಿಲ್ಲ ಎಂದಳು.

“ಎಲ್ಲಿ ಕದ್ದೀನಿ? ಬಿದ್ದಿತ್ತು, ಎತ್ತಿ ತಂದು ಪೂಜಾ ಮಾಡಾಕತ್ತೀನಿ. ಬರೂ ಸೋಮವಾರ ಪ್ರತಿಷ್ಠಾಪನಾ. ಆಮ್ಯಾಲೆ ಅಲುಗಿಸಂಗಿಲ್ಲ, ಶಾಸ್ತ್ರ!”

ಎಂಥ ವಾದ! ಕಳ್ಳಮಾಲಿಗೆ ಪ್ರಾಣಪ್ರತಿಷ್ಠೆ ಮಾಡಿಬಿಟ್ಟರೆ ಕೇಸ್ ಕ್ಲೋಸ್. ಪಾಪ, ಬ್ರಿಟಿಷರಿಗೆ ಈ ಐಡಿಯಾ ಹೊಳೆಯಲೇ ಇಲ್ಲವಲ್ಲ?

ಡಿಬೇಟ್‌ನಲ್ಲಿ ನಾನು ಕಲಿತ ಮೊದಲ ಪಾಠ, ಎದುರಾಳಿಯ ಹಳೆಯ ಭಾಷಣವನ್ನು ಮರೆಯಬಾರದು. ರಾಜ್ಯೋತ್ಸವದಂದು ಪಕ್ಕದೂರು ಓಕ್ ಬ್ರೂಕ್‌ನ ವೇದಿಕೆಯಲ್ಲಿ ಇದೇ ಅಂಕಲ್ ಗುಡುಗಿದ್ದರು. ಹೊರದೇಶದ ಮ್ಯೂಸಿಯಂಗಳು ನಮ್ಮ ವಿಗ್ರಹಗಳನ್ನು ಮರಳಿಸಲೇಬೇಕಂತೆ. “ಪರದೇಶದ ಗಾಜಿನ ಪೆಟ್ಟಿಗ್ಯಾಗ ನಮ್ಮ ದೇವರು ಅಳಾಕತ್ತಾನ!” ಎಂದಾಗ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಮೇಘನಾ. (ಅವಳಿಗೆ ಆರ್ಕಿಯಾಲಜಿ ಹುಚ್ಚು ಹತ್ತಿದ್ದೇ ಅಪ್ಪನ ಇಂಥ ಮಾತು ಕೇಳಿ ಕೇಳಿ ಎಂದು ಆಂಟಿಯೇ ಹೇಳುತ್ತಾರೆ.)

ಈಗ ಪುರೋಹಿತರು ನಿಗದಿಯಾಗಿದ್ದಾರೆ. ಊಟಕ್ಕೆ ಹಾಲ್ ಬುಕ್ ಆಗಿದೆ. ಮೇಘನಾಳ ಪೆರು ಟಿಕೆಟ್ ಮಾತ್ರ ಇನ್ನೂ ಆಗಿಲ್ಲ.

ಅಂಕಲ್, ಅಷ್ಟು ದೂರದ ಗಾಜಿನ ಪೆಟ್ಟಿಗೆಯಲ್ಲಿ ಅಳುವ ದೇವರ ದನಿ ನಿಮಗೆ ಓಕ್ ಬ್ರೂಕ್‌ವರೆಗೂ ಕೇಳಿಸಿತ್ತಲ್ಲ, ನಿಮ್ಮದೇ ಬೆಳ್ಳಿ ತಟ್ಟೆಯಲ್ಲಿ ಕೂತಿರುವವನು ನಗುತ್ತಿದ್ದಾನೆಯೇ?