ಕೌದಿ ಹೊದ್ದ ರಬ್ಬರ್ ಉಡುಪು

ನನ್ನ ಕೈಗೆ ಅಂಟು ಮೆತ್ತಿದಾಗಲೇ ಈ ಮನೆಯಲ್ಲಿ ಎಲ್ಲರಿಗೂ ನನ್ನ ನೆನಪಾಗುತ್ತದೆ. ಜೇವರ್ಗಿಯಲ್ಲಿ ನಮ್ಮದು ಸೈಕಲ್ ಪಂಕ್ಚರ್ ಅಂಗಡಿ. ಗಂಡ ಊರಲ್ಲಿಲ್ಲದಾಗ ಟ್ಯೂಬಿಗೆ ತೇಪೆ ಹಚ್ಚುವವಳು ನಾನೇ. ಒಮ್ಮೆ, ಭೀಮಾ ನದಿಯಲ್ಲಿ ಮುಳುಗಿ ಸೇತುವೆಯ ಬುಡ ನೋಡಲು ಬಂದಿದ್ದ ಸೊಲ್ಲಾಪುರದವನೊಬ್ಬ ತನ್ನ ರಬ್ಬರ್ ಉಡುಪು ತಂದ. ಕುತ್ತಿಗೆ, ಮಣಿಕಟ್ಟಿನಲ್ಲಿ ನೀರು ತಡೆಯುವ ಪಟ್ಟಿಗಳು ಸೀಳಿಹೋಗಿದ್ದವು. ಹೊಸ ಪಟ್ಟಿಗಳು ಅವನ ಬಳಿಯೇ ಇದ್ದವು.

“ಚಂದಾಗಿ ಅಂಟಿಸ್ರಿ ಅಕ್ಕಾರ. ನೀರು ಒಳಗ ಬಂತಂದ್ರ ನಾ ಮ್ಯಾಲ ಬರಂಗಿಲ್ಲ.”

“ಅಂಗಿ ಜವಾಬ್ದಾರಿ ನಂದ್ರಿ. ನಿಮ್ಮ ಜವಾಬ್ದಾರಿ ನಿಮ್ಮ ಹೆಂಡ್ತಿದು,” ಎಂದೆ.

ಕುತ್ತಿಗೆಯ ಪಟ್ಟಿಯನ್ನು ಕೊಡಕ್ಕೆ, ಮಣಿಕಟ್ಟಿನವನ್ನು ತಂಬಿಗೆಗಳಿಗೆ ಬಿಗಿದು ಉಡುಪಿಗೆ ಅಂಟಿಸಿದೆ. ಒಣಗಿದ ಮೇಲೆ ಕೊಡ, ತಂಬಿಗೆಗಳನ್ನೇ ಬಿರಡೆಯಂತೆ ಅಲ್ಲೇ ಬಿಟ್ಟು, ಎದೆಯ ವಾಲ್ವಿನಿಂದ ಗಾಳಿ ತುಂಬಿ ಹೊರಸಿನ ಮೇಲೆ ಮಲಗಿಸಿದೆ. ಸೋಪಿನ ನೀರು ಸವರಿದೆ. ಎಲ್ಲೂ ಗುಳ್ಳೆ ಏಳಲಿಲ್ಲ. ರೊಟ್ಟಿ ಬಡಿಯಲು ಕೂತೆ.

ಸ್ವಲ್ಪ ಹೊತ್ತಿಗೆ ಮಗಳು ಕರೆದಳು. ಉಡುಪಿಗೆ ಕೌದಿ ಹೊದಿಸಿ ತಟ್ಟುತ್ತಿದ್ದಳು.

“ಸಪ್ಪಳ ಮಾಡಬ್ಯಾಡಬೇ ಅವ್ವಾ, ಕಾಕಾ ಈಗ ಮಲಗ್ಯಾನ.”

ಕೌದಿ ತೆಗೆಯಲು ಬಾಗಿದವಳು ಹಾಗೇ ನಿಂತೆ. ಉಡುಪಿನ ಎದೆ ಮೆಲ್ಲಗೆ ಇಳಿಯಿತು. ಆಮೇಲೆ ಮೆಲ್ಲಗೆ ಏರಿತು. ಸೋರುವ ಟ್ಯೂಬು ಇಳಿಯುವುದನ್ನು ಕಂಡಿದ್ದೇನೆ, ತಾನಾಗಿ ಏರುವುದನ್ನಲ್ಲ. ಪಂಪು ಮೂಲೆಯಲ್ಲಿತ್ತು. ಕೌದಿ ಸರಿಸಿ ಮತ್ತೆ ಸೋಪು ಸವರಿದೆ, ಒಂದು ಗುಳ್ಳೆಯೂ ಇಲ್ಲ. ಹತ್ತನೇ ಕ್ಲಾಸಿನ ತನಕ ಓದಿದ ಗಾಳಿಯ ಪಾಠದಲ್ಲಿ ಇದು ಇರಲಿಲ್ಲ.

ಅಷ್ಟರಲ್ಲಿ ಸೊಲ್ಲಾಪುರದವನು ಬಂದ. ಜೀಪು ಹೊರಗೆ ಕಾಯುತ್ತಿತ್ತು, ಈಗಲೇ ನದಿಗೆ ಇಳಿಯಬೇಕಂತೆ. ಉಡುಪಿನ ಎದೆ ಮತ್ತೆ ಇಳಿಯತೊಡಗಿತ್ತು. ಅವನು ನೋಡುತ್ತಿದ್ದದ್ದು ನನ್ನ ಮುಖವನ್ನು.

“ಎಲ್ಲೂ ಸೋರಂಗಿಲ್ಲಲ್ರೀ ಅಕ್ಕಾರ?”